ಅಮೆರಿಕದಲ್ಲಿ ಒಬ್ಬ ಜಡ್ಜ್ ನೇಮಕಕ್ಕೆ ಇಷ್ಟು ಜಗಳ ಯಾಕೆ?

ಪ್ರಶ್ನೆ: ನಾನು ಹಾಸನದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ, ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಮಗನದು ಕೆಲಸಕ್ಕಾಗಿ ಕೊಡುವ ಎಚ್-1ಬಿ ವೀಸಾ, ಸೊಸೆಯದು ಅಂಥವರ ಸಂಗಾತಿಗೆ ಸಿಗುವ ಎಚ್-4. ಅವಳೂ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿಗೆ ಹೋದಾಗಲೆಲ್ಲ ಟಿವಿಯಲ್ಲಿ ಒಂದೇ ಸುದ್ದಿ: ಅಧ್ಯಕ್ಷರು ಯಾರನ್ನೋ ಜಡ್ಜ್ ಮಾಡಲು ಹೊರಟಿದ್ದಾರೆ, ಎದುರು ಪಕ್ಷದವರು ತಡೆಯುತ್ತಿದ್ದಾರೆ. 'ಟ್ರಂಪ್ ಜಡ್ಜ್', 'ಒಬಾಮ ಜಡ್ಜ್' ಎಂದೇ ಕರೆಯುತ್ತಾರೆ. ನ್ಯಾಯಾಧೀಶರಿಗೂ ಪಕ್ಷವೇ? ಇದು ಮೊದಲಿನಿಂದಲೂ ಹೀಗೇ ಇತ್ತೇ, ಇಲ್ಲ ಯಾರಾದರೂ ಶುರು ಮಾಡಿದರೇ? ನಮ್ಮ ಮಕ್ಕಳಂಥವರಿಗೆ ಇದರಿಂದ ಏನಾದರೂ ಆಗುತ್ತದೆಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಆಗುತ್ತದೆ. ನೇರವಾಗಿಯೇ ಆಗುತ್ತದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಜಗಳ ಎಲ್ಲಿಂದ ಬಂತು ಎಂದು ನೋಡಬೇಕು. ಎರಡೂ ಪಕ್ಷದವರು ನಿಮಗೆ ಕಥೆಯ ಅರ್ಧವನ್ನಷ್ಟೇ ಹೇಳುತ್ತಾರೆ. ಪ್ರತಿಯೊಬ್ಬರ ಕಥೆಯೂ ಎದುರಿನವರು ಮಾಡಿದ ತಪ್ಪಿನಿಂದಲೇ ಆರಂಭವಾಗುತ್ತದೆ.

ಹಿಂದೆ ಹೇಗಿತ್ತು ಎನ್ನುವುದಕ್ಕೆ ಒಂದೆರಡು ಮತ ಎಣಿಕೆ ನೋಡಿ. ಆಂಟೊನಿನ್ ಸ್ಕಾಲಿಯಾ ಕಟ್ಟಾ ಸಂಪ್ರದಾಯವಾದಿ. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. 1986ರಲ್ಲಿ ಅವರನ್ನು ಸುಪ್ರೀಂ ಕೋರ್ಟಿಗೆ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಒಪ್ಪಿದ್ದು 98-0 ಮತಗಳಿಂದ. ರೂತ್ ಬೇಡರ್ ಗಿನ್ಸ್‌ಬರ್ಗ್ ಮಹಿಳಾ ಹಕ್ಕುಗಳಿಗಾಗಿ ಹೋರಾಡಿದ ವಕೀಲೆ, ಅದೂ ಎಲ್ಲರಿಗೂ ಗೊತ್ತಿದ್ದ ವಿಷಯ. 1993ರಲ್ಲಿ ಅವರಿಗೆ ಸಿಕ್ಕಿದ್ದು 96-3. ಈಗಿನದನ್ನು ಪಕ್ಕದಲ್ಲಿಟ್ಟು ನೋಡಿ. 2018ರಲ್ಲಿ ಬ್ರೆಟ್ ಕ್ಯಾವನಾ 50-48, 2020ರಲ್ಲಿ ಏಮಿ ಕೋನಿ ಬ್ಯಾರೆಟ್ 52-48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ 53-47. ವಿದ್ವತ್ತಿನಲ್ಲಿ ಈ ಮೂವರೂ ಕಡಿಮೆಯವರಲ್ಲ. ಬದಲಾದದ್ದು ಮತ ಹಾಕುವವರ ಲೆಕ್ಕಾಚಾರ.

ಹಾಗೆಂದು ಹಿಂದೆ ಎಲ್ಲವೂ ಶಾಂತವಾಗಿತ್ತು ಎಂದುಕೊಳ್ಳಬೇಡಿ. ಜಾರ್ಜ್ ವಾಷಿಂಗ್ಟನ್ ಅವರೇ ಆರಿಸಿದ ಮುಖ್ಯ ನ್ಯಾಯಮೂರ್ತಿ ಜಾನ್ ರಟ್ಲೆಜ್ ಅವರನ್ನು 1795ರಲ್ಲಿ ಸೆನೆಟ್ 14-10 ಮತಗಳಿಂದ ತಿರಸ್ಕರಿಸಿತು. ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದವನ್ನು ಅವರು ಬಹಿರಂಗವಾಗಿ ಬೈದಿದ್ದೇ ದೊಡ್ಡ ಕಾರಣ. 1866ರಲ್ಲಂತೂ ಸಂಸತ್ತು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಕೈಗೆ ಒಂದು ಕುರ್ಚಿಯೂ ಸಿಗಬಾರದೆಂದು ಸುಪ್ರೀಂ ಕೋರ್ಟಿನ ಗಾತ್ರವನ್ನೇ ಕುಗ್ಗಿಸಿತು. ಈಗಿನ ಒಂಬತ್ತು ಸ್ಥಾನಗಳು ಗಟ್ಟಿಯಾದದ್ದು 1869ರಲ್ಲಿ. ಅಂದರೆ ರಾಜಕೀಯ ಆಗಲೂ ಇತ್ತು. ಆದರೆ ಅದು ಆಗೊಮ್ಮೆ ಈಗೊಮ್ಮೆ ಸಿಡಿಯುತ್ತಿತ್ತು. ಪ್ರತಿ ಹೆಸರಿಗೂ ಯುದ್ಧ ಎನ್ನುವ ಸ್ಥಿತಿ ಬಂದದ್ದು ಕಳೆದ ನಲವತ್ತು ವರ್ಷಗಳಲ್ಲಿ.

ವ್ಯವಸ್ಥೆ ಕಾಗದದ ಮೇಲೆ ಸರಳವಾಗಿದೆ. ಸಂವಿಧಾನದ ಎರಡನೇ ವಿಧಿಯ ಪ್ರಕಾರ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ 'ಸಲಹೆ ಮತ್ತು ಸಮ್ಮತಿ' ಕೊಡಬೇಕು. ಸೆನೆಟ್ ಎಷ್ಟು ದಿನದೊಳಗೆ ತೀರ್ಮಾನಿಸಬೇಕು, ಯಾವ ಕಾರಣಕ್ಕೆ ಬೇಡವೆನ್ನಬಹುದು, ಬೇಡ ಎನ್ನದೆ ಸುಮ್ಮನೆ ಕೂತರೆ ಏನಾಗಬೇಕು, ಇದ್ಯಾವುದನ್ನೂ ಸಂವಿಧಾನ ಹೇಳಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ, ಮೇಲ್ಮನವಿ ನ್ಯಾಯಾಲಯಗಳ 179, ಜಿಲ್ಲಾ ನ್ಯಾಯಾಲಯಗಳ 677, ಇವರೆಲ್ಲ ಈ ಒಂದೇ ಬಾಗಿಲಿನಿಂದ ಒಳಗೆ ಬರಬೇಕು. ಒಳಗೆ ಬಂದವರು ಜೀವನಪರ್ಯಂತ ಕೂರಬಹುದು. ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗೆ 62, ಸುಪ್ರೀಂ ಕೋರ್ಟಿನವರಿಗೆ 65 ತುಂಬಿದರೆ ಮನೆಗೆ ಹೋಗಲೇಬೇಕು. ಅಲ್ಲಿ ಕ್ಲಾರೆನ್ಸ್ ಥಾಮಸ್ 1991ರಲ್ಲಿ 43ನೇ ವಯಸ್ಸಿಗೆ ಬಂದವರು, ಅವರ ನಂತರ ಐವರು ಅಧ್ಯಕ್ಷರನ್ನು ದೇಶ ಆರಿಸಿದೆ. ಒಂದು ಚುನಾವಣೆ ಗೆದ್ದ ಪಕ್ಷಕ್ಕೆ ಮೂವತ್ತು ವರ್ಷದ ಫಲ ಸಿಗುವುದಾದರೆ ಯಾರು ತಾನೇ ಸುಲಭವಾಗಿ ಬಿಟ್ಟುಕೊಡುತ್ತಾರೆ? ಜಗಳದ ಬೇರು ಇಲ್ಲಿದೆ. ಮನುಷ್ಯರ ಗುಣದಲ್ಲಿ ಅದನ್ನು ಹುಡುಕಿದರೆ ಸಿಗುವುದು ಸ್ವಲ್ಪವೇ.

ಇನ್ನು, ಯಾರು ಶುರು ಮಾಡಿದರು? ರಿಪಬ್ಲಿಕನ್ನರನ್ನು ಕೇಳಿದರೆ ರಾಬರ್ಟ್ ಬೋರ್ಕ್ ಎಂಬ ಹೆಸರು ಹೇಳುತ್ತಾರೆ. 1987ರ ಜುಲೈ 1ರಂದು ಅಧ್ಯಕ್ಷ ರೇಗನ್ ಅವರ ಹೆಸರು ಪ್ರಕಟಿಸಿದರು. ಒಂದು ಗಂಟೆ ಕಳೆಯುವುದರೊಳಗೆ ಡೆಮಾಕ್ರಟಿಕ್ ಸೆನೆಟರ್ ಎಡ್ವರ್ಡ್ ಕೆನಡಿ ಎದ್ದು ನಿಂತು, ಬೋರ್ಕ್ ಕಾಣುವ ಅಮೆರಿಕದಲ್ಲಿ ಹೆಣ್ಣುಮಕ್ಕಳು ಕದ್ದುಮುಚ್ಚಿ ಗರ್ಭಪಾತಕ್ಕೆ ಹೋಗಬೇಕಾಗುತ್ತದೆ, ಕರಿಯರು ಮತ್ತೆ ಬೇರೆ ಜಾಗದಲ್ಲಿ ಕೂತು ಊಟ ಮಾಡಬೇಕಾಗುತ್ತದೆ ಎಂಬರ್ಥದ ಭಾಷಣ ಮಾಡಿದರು. ಟಿವಿ ಜಾಹೀರಾತುಗಳು ಬಂದವು. ಕೊನೆಗೆ 42-58ರಲ್ಲಿ ಬೋರ್ಕ್ ಸೋತರು. ಪ್ರಚಾರ ಮಾಡಿ ಒಬ್ಬರ ನೇಮಕವನ್ನು ಕೆಡಿಸುವುದು ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಅವರ ಹೆಸರೇ ಒಂದು ಕ್ರಿಯಾಪದವಾಗಿ ಉಳಿಯಿತು.

ಕೆನಡಿಯವರ ಭಾಷಣ ಅತಿಯಾಗಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ಬೋರ್ಕ್ ಅವರಿಗೆ ಅನ್ಯಾಯವಾಯಿತು ಎಂಬ ಮಾತನ್ನು ಒಪ್ಪಲಾರೆ. ಅವರ ಬರಹಗಳು ಎಲ್ಲರ ಮುಂದಿದ್ದವು. 1973ರಲ್ಲಿ, ಅಧ್ಯಕ್ಷ ನಿಕ್ಸನ್ ಸಿಲುಕಿಕೊಂಡಿದ್ದ ವಾಟರ್‌ಗೇಟ್ ಹಗರಣದ ತನಿಖೆ ನಡೆಸುತ್ತಿದ್ದ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ವಜಾ ಮಾಡಿ ಎಂದು ನಿಕ್ಸನ್ ಹೇಳಿದಾಗ ಮೇಲಿನ ಇಬ್ಬರು ಅಧಿಕಾರಿಗಳು ಆ ಕೆಲಸ ಮಾಡಲೊಪ್ಪದೆ ಹುದ್ದೆ ಬಿಟ್ಟರು. ವಜಾ ಆದೇಶಕ್ಕೆ ಸಹಿ ಹಾಕಿದ್ದು ಬೋರ್ಕ್. ಹೆಸರುಗಳನ್ನು ಮೊದಲು ಪರಿಶೀಲಿಸುವ ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಮುಂದೆ ಐದು ದಿನ ಕೂತು ಅವರು ತಮ್ಮ ನಿಲುವನ್ನು ಬಿಡಿಸಿ ಹೇಳಿದರು, ಸೆನೆಟ್ ಅದನ್ನು ಕೇಳಿಸಿಕೊಂಡು ಮತ ಹಾಕಿತು. ಅವರ ವಿರುದ್ಧ ಮತ ಹಾಕಿದವರಲ್ಲಿ ಆರು ಮಂದಿ ರಿಪಬ್ಲಿಕನ್ನರೇ, ಪರವಾಗಿ ಇಬ್ಬರು ಡೆಮಾಕ್ರಟರೂ ಇದ್ದರು. ವಿಚಾರಣೆ ನಡೆಯಿತು, ಎಣಿಕೆ ನಡೆಯಿತು, ಉತ್ತರ 'ಬೇಡ' ಎಂದು ಬಂತು. ಸಮ್ಮತಿ ಕೇಳುವುದೆಂದರೆ ಒಮ್ಮೊಮ್ಮೆ 'ಬೇಡ' ಎನಿಸಿಕೊಳ್ಳುವುದೂ ಹೌದಲ್ಲವೇ? ಅದೇ ಕುರ್ಚಿಗೆ ಬಂದ ಆಂಟನಿ ಕೆನಡಿ ಅವರನ್ನು 1988ರ ಫೆಬ್ರವರಿಯಲ್ಲಿ ಡೆಮಾಕ್ರಟರ ಹಿಡಿತದಲ್ಲಿದ್ದ ಸೆನೆಟ್ 97-0 ಮತಗಳಿಂದ ಒಪ್ಪಿತು. ಆ ವರ್ಷ ಅಧ್ಯಕ್ಷೀಯ ಚುನಾವಣೆ ಇತ್ತು ಎನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನ ಮಟ್ಟಿಗೆ ಕೆಡುಕು ಸುಪ್ರೀಂ ಕೋರ್ಟಿನಲ್ಲಿ ಶುರುವಾಗಲಿಲ್ಲ. ಯಾರ ಕಣ್ಣಿಗೂ ಬೀಳದ ಕೆಳಗಿನ ಹಂತದಲ್ಲಿ, ಸದ್ದಿಲ್ಲದೆ ಬೆಳೆಯಿತು. ಅದಕ್ಕೆ ಒಂದು ಕುರ್ಚಿಯ ಕಥೆ ಹೇಳಬೇಕು. ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯ ಅಲ್ಲಿ ಸುಪ್ರೀಂ ಕೋರ್ಟಿನ ನಂತರ ಅತಿ ಹೆಚ್ಚು ತೂಕವುಳ್ಳದ್ದು, ಏಕೆಂದರೆ ಕೇಂದ್ರ ಸರ್ಕಾರದ ನಿಯಮಗಳ ಮೇಲಿನ ದಾವೆಗಳೆಲ್ಲ ಬಹುಪಾಲು ಅಲ್ಲಿಗೇ ಹೋಗುತ್ತವೆ. 1992ರಲ್ಲಿ ಹಿರಿಯ ಬುಷ್ ಆ ಕೋರ್ಟಿಗೆ ಜಾನ್ ರಾಬರ್ಟ್ಸ್ ಎಂಬ ಯುವ ವಕೀಲರನ್ನು ಸೂಚಿಸಿದರು. ಡೆಮಾಕ್ರಟರ ಸೆನೆಟ್ ಆ ಕಡತವನ್ನು ಮುಟ್ಟಲೇ ಇಲ್ಲ. ಬುಷ್ ಸೋತರು, ಹೆಸರು ಸತ್ತಿತು. 1996ರಲ್ಲಿ ಆ ಕೋರ್ಟಿನ ಜೇಮ್ಸ್ ಬಕ್ಲಿ ಅವರ ಸ್ಥಾನ ತೆರವಾಯಿತು. 1999ರಲ್ಲಿ ಕ್ಲಿಂಟನ್ ಅದಕ್ಕೆ ಎಲೆನಾ ಕೇಗನ್ ಅವರನ್ನು ಸೂಚಿಸಿದರು. ಈಗ ಸೆನೆಟ್ ರಿಪಬ್ಲಿಕನ್ನರದು, ಅವರೂ ಮುಟ್ಟಲಿಲ್ಲ. 2001ರಲ್ಲಿ ಕಿರಿಯ ಬುಷ್ ಅದೇ ಕುರ್ಚಿಗೆ ಮತ್ತೆ ರಾಬರ್ಟ್ಸ್ ಹೆಸರನ್ನೇ ಕಳಿಸಿದರು. ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಏಳು ವರ್ಷ ಒಂದು ಕುರ್ಚಿ ಖಾಲಿ! ಇವತ್ತು ರಾಬರ್ಟ್ಸ್ ಅಮೆರಿಕದ ಮುಖ್ಯ ನ್ಯಾಯಮೂರ್ತಿ, ಕೇಗನ್ ಅದೇ ಪೀಠದಲ್ಲಿ ಅವರ ಜೊತೆ ಕೂರುವ ನ್ಯಾಯಮೂರ್ತಿ. ಇಬ್ಬರ ಯೋಗ್ಯತೆಯ ಬಗ್ಗೆಯೂ ಆಗ ಯಾರಿಗೂ ಅನುಮಾನವಿರಲಿಲ್ಲ. ಒಂದು ವಿಚಾರಣೆಯ ದಿನಾಂಕ ನಿಗದಿಮಾಡಲು ಸಮಿತಿಗಳಿಗೆ ಮನಸ್ಸಿರಲಿಲ್ಲ, ಅಷ್ಟೇ. ಈ ಕಥೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುಂದಿನ ಹಂತ ಫಿಲಿಬಸ್ಟರ್. ಸೆನೆಟ್ಟಿನಲ್ಲಿ ಚರ್ಚೆ ಮುಗಿಯಿತೆಂದು ಘೋಷಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಮಂದಿ ಒಪ್ಪಬೇಕೆಂಬ ನಿಯಮವಿತ್ತು. ಹೆಸರಿಗೆ ಒಪ್ಪಿಗೆ ಕೊಡಲು 51 ಸಾಕು, ಆದರೆ ಆ 51ರವರೆಗೆ ಹೋಗಲು 60ರ ಹೊಸ್ತಿಲು ದಾಟಬೇಕು. ಅಲ್ಪಮತದವರು ಮಾತು ಮುಗಿಯಿತೆಂದು ಒಪ್ಪದಿದ್ದರೆ ಆಯಿತು, ಹೆಸರು ಅಲ್ಲೇ ಕೊಳೆಯುತ್ತದೆ. 2003ರಲ್ಲಿ ಡೆಮಾಕ್ರಟರು ಇದನ್ನು ಮಿಗೆಲ್ ಎಸ್ಟ್ರಾಡ ಎಂಬ ಪ್ರತಿಭಾವಂತ ವಕೀಲರ ಮೇಲೆ ಪ್ರಯೋಗಿಸಿದರು. ಹೊಂಡುರಾಸ್‌ನಿಂದ ಹುಡುಗನಾಗಿ ವಲಸೆ ಬಂದು ಮೇಲೆ ಬಂದ ಮನುಷ್ಯ. ಏಳು ಸಲ ಚರ್ಚೆ ನಿಲ್ಲಿಸುವ ಪ್ರಯತ್ನ ಸೋತಿತು, ಎರಡು ವರ್ಷ ಕಾದ ಎಸ್ಟ್ರಾಡ ತಾವಾಗಿಯೇ ಹಿಂದೆ ಸರಿದರು. ಮೇಲ್ಮನವಿ ನ್ಯಾಯಾಲಯದ ಹೆಸರೊಂದನ್ನು ಹೀಗೆ ಪಟ್ಟು ಹಿಡಿದು ಕೊಂದದ್ದು ಡೆಮಾಕ್ರಟರ ತಪ್ಪು. ಅದಕ್ಕೆ ಮುಂದೆ ಅವರೇ ಬಡ್ಡಿ ಸಮೇತ ಬೆಲೆ ತೆತ್ತರು. 2005ರಲ್ಲಿ ಎರಡೂ ಕಡೆಯ ಏಳೇಳು ಸೆನೆಟರುಗಳು ಕೂತು ಒಂದು ರಾಜಿ ಮಾಡಿಕೊಂಡರು. ಅಸಾಧಾರಣ ಕಾರಣವಿಲ್ಲದೆ ತಡೆಯಬಾರದು, ನಿಯಮವನ್ನೂ ಮುರಿಯಬಾರದು ಎಂದು. ಅದು ಎಂಟು ವರ್ಷ ಬಾಳಿತು.

ಒಬಾಮ ಕಾಲಕ್ಕೆ ಪಾತ್ರಗಳು ಅದಲುಬದಲು. ಡಿ.ಸಿ. ಮೇಲ್ಮನವಿ ನ್ಯಾಯಾಲಯದಲ್ಲಿ ಖಾಲಿಯಿದ್ದ ಮೂರು ಸ್ಥಾನಗಳಿಗೆ ಅಧ್ಯಕ್ಷರು ಮೂವರನ್ನು ಸೂಚಿಸಿದರೆ ರಿಪಬ್ಲಿಕನ್ನರು, ಈ ಕೋರ್ಟಿಗೆ ಅಷ್ಟು ಕೆಲಸವೇ ಇಲ್ಲ, ಯಾರೂ ಬೇಡ ಎಂದು ಮೂವರನ್ನೂ ತಡೆದರು. 2013ರ ನವೆಂಬರ್ 21ರಂದು ಡೆಮಾಕ್ರಟರ ನಾಯಕ ಹ್ಯಾರಿ ರೀಡ್ 'ನ್ಯೂಕ್ಲಿಯರ್ ಆಪ್ಷನ್' ಒತ್ತಿದರು. ಇದು ನಡೆಯುವ ರೀತಿಯನ್ನು ನಮ್ಮ ವಿಧಾನಸಭೆಯ ಕಲಾಪ ನೋಡಿದವರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ನಿಯಮಪುಸ್ತಕದಲ್ಲಿ 60 ಎಂದಿದೆ. ಪುಸ್ತಕ ತಿದ್ದಲು ಹೊರಟರೆ ಆ ಚರ್ಚೆ ಮುಗಿಸಲು ಮೂರನೇ ಎರಡು ಬಹುಮತ ಬೇಕು, ಅದು ಸಿಗುವುದಿಲ್ಲ. ಆದ್ದರಿಂದ ನಾಯಕ ಎದ್ದು ಕ್ರಿಯಾಲೋಪ ಎತ್ತುತ್ತಾನೆ: 'ಚರ್ಚೆ ಮುಗಿಸಲು ಸರಳ ಬಹುಮತ ಸಾಕು.' ಪೀಠದಲ್ಲಿರುವವರು ಪುಸ್ತಕ ನೋಡಿ 'ಸಾಲದು' ಎಂದು ಸರಿಯಾದ ರೂಲಿಂಗ್ ಕೊಡುತ್ತಾರೆ. ನಾಯಕ ಆ ರೂಲಿಂಗನ್ನೇ ಸದನದ ಮುಂದೆ ಪ್ರಶ್ನಿಸುತ್ತಾನೆ. ಪೀಠದ ರೂಲಿಂಗನ್ನು ತಳ್ಳಿಹಾಕಲು ಸರಳ ಬಹುಮತ ಸಾಕು. ಅಂದು 52 ಮಂದಿ ತಳ್ಳಿಹಾಕಿದರು. ಪುಸ್ತಕದ ಒಂದಕ್ಷರವೂ ಬದಲಾಗಲಿಲ್ಲ, ಆದರೆ ಅಂದಿನಿಂದ ಸುಪ್ರೀಂ ಕೋರ್ಟ್ ಬಿಟ್ಟು ಉಳಿದೆಲ್ಲ ನ್ಯಾಯಾಧೀಶರಿಗೆ 60 ಎನ್ನುವುದು 51 ಎಂದಾಯಿತು. ರೀಡ್ ಅವರ ಪಕ್ಷದ ಮೂವರೇ ಇದಕ್ಕೆ ವಿರುದ್ಧ ಮತ ಹಾಕಿದರು. ಅವರಲ್ಲಿ ಮಿಷಿಗನ್‌ನ ಹಿರಿಯ ಸೆನೆಟರ್ ಕಾರ್ಲ್ ಲೆವಿನ್ ಒಬ್ಬರು. ಬಹುಮತ ಬೇಕೆಂದಾಗ ನಿಯಮ ಬದಲಿಸಬಹುದಾದರೆ ನಿಯಮವೇ ಇಲ್ಲದಂತೆ ಎಂಬುದು ಅವರ ವಾದ. ಅವರ ಮಾತನ್ನು ಅಂದು ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಮೂರು ಕುರ್ಚಿಗಳನ್ನು ಖಾಲಿಯೇ ಇಡುತ್ತೇವೆ ಎಂದವರ ಎದುರು ಅವರ ಪಕ್ಷಕ್ಕೆ ಬೇರೆ ಯಾವ ದಾರಿ ಉಳಿದಿತ್ತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

2016ರ ಫೆಬ್ರವರಿ 13ರಂದು ಸ್ಕಾಲಿಯಾ ತೀರಿಕೊಂಡರು. ಒಬಾಮ ಅವಧಿ ಇನ್ನೂ ಹನ್ನೊಂದು ತಿಂಗಳಿತ್ತು. ಮಾರ್ಚ್ 16ರಂದು ಅವರು ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು. ಗಾರ್ಲಂಡ್ 63ರ ಹಿರಿಯರು, ಮಧ್ಯಮಮಾರ್ಗಿ, ರಿಪಬ್ಲಿಕನ್ನರೂ ಹೊಗಳುತ್ತಿದ್ದವರು. ಸೆನೆಟ್ಟಿನಲ್ಲಿ ಆಗ ಬಹುಮತದಲ್ಲಿದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮೆಕಾನಲ್, ಇದು ಚುನಾವಣಾ ವರ್ಷ, ಜನರೇ ತೀರ್ಮಾನಿಸಲಿ ಎಂದರು. ವಿಚಾರಣೆ ಇಲ್ಲ, ಮತ ಇಲ್ಲ. 293 ದಿನ ಕಾದ ಆ ಹೆಸರು 2017ರ ಜನವರಿ 3ರಂದು ಸೆನೆಟ್ಟಿನ ಅವಧಿಯೊಂದಿಗೇ ಮುಗಿಯಿತು. ಆಂಟನಿ ಕೆನಡಿಯವರನ್ನು ಚುನಾವಣಾ ವರ್ಷದಲ್ಲಿ ಎದುರು ಪಕ್ಷವೇ ಒಪ್ಪಿದ್ದನ್ನು ಆಗಲೇ ಹೇಳಿದೆ. 2017ರ ಏಪ್ರಿಲ್‌ನಲ್ಲಿ ನೀಲ್ ಗೊರ್ಸಚ್ ಅವರಿಗಾಗಿ ಮೆಕಾನಲ್ ಸುಪ್ರೀಂ ಕೋರ್ಟಿನ 60ರ ಹೊಸ್ತಿಲನ್ನೂ ಕಿತ್ತರು. ರೀಡ್ ಮಾಡಿದ್ದು ಅದನ್ನೇ ಅಲ್ಲವೇ ಎಂದರು. 2020ರ ಸೆಪ್ಟೆಂಬರ್ 18ರಂದು ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ 46 ದಿನ ಉಳಿದಿತ್ತು. ಆಗ 'ಜನರೇ ತೀರ್ಮಾನಿಸಲಿ' ಎಂಬ ಮಾತು ಬರಲಿಲ್ಲ. ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಕ್ಷದ್ದಾದರೆ ಆ ಮಾತು ಅನ್ವಯಿಸದು ಎಂದರು. ಮತದಾನಕ್ಕೆ ಎಂಟು ದಿನವಿರುವಾಗ ಬ್ಯಾರೆಟ್ ಅವರಿಗೆ ಒಪ್ಪಿಗೆ ಸಿಕ್ಕಿತು.

ಎರಡೂ ಪಕ್ಷಗಳದು ಸಮಾನ ತಪ್ಪು ಎಂದು ತಕ್ಕಡಿ ಸಮ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಈ ಸರಣಿಯಲ್ಲಿ ಅತಿ ದೊಡ್ಡ ಪೆಟ್ಟು ಗಾರ್ಲಂಡ್ ಪ್ರಕರಣವೇ. ಬೋರ್ಕ್ ಸೋತರು, ಆದರೆ ಅವರ ವಾದ ಕೇಳಲಾಯಿತು. ಗಾರ್ಲಂಡ್ ಸೋಲಲೂ ಇಲ್ಲ. ಬೇಡವೆನ್ನುವ ಅಧಿಕಾರ ಸೆನೆಟ್ಟಿಗೆ ಇದೆ. ಬೇಡವೆನ್ನಬೇಕಾದ ಸೆನೆಟರ್ ತನ್ನ ಹೆಸರಿನ ಮುಂದೆ 'ಬೇಡ' ಎಂದು ದಾಖಲಿಸಿ ತನ್ನ ಊರಿನ ಜನಕ್ಕೆ ಮುಖ ತೋರಿಸಬೇಕು. ಮತವೇ ನಡೆಯದಿದ್ದರೆ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ನ್ಯಾಯಾಧೀಶರಿಗೂ ಪಕ್ಷವೇ ಎಂದಿರಿ. ಪಕ್ಷದ ಚೀಟಿ ಹಿಡಿದು ಯಾರೂ ಪೀಠಕ್ಕೆ ಬರುವುದಿಲ್ಲ. 2018ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರೇ, ನಮ್ಮಲ್ಲಿ ಒಬಾಮ ಜಡ್ಜ್, ಟ್ರಂಪ್ ಜಡ್ಜ್ ಎಂಬುದಿಲ್ಲ ಎಂದು ಹೇಳಿಕೆ ಕೊಟ್ಟಿದ್ದರು. ಆದರೆ ಸಂವಿಧಾನವನ್ನು ಓದುವ ದೃಷ್ಟಿ ಎಂಬುದೊಂದಿದೆ, ಆ ದೃಷ್ಟಿ ಯಾವುದೆಂದು ಪಕ್ಷಗಳು ಈಗ ಬಹಳ ಜೋಪಾನವಾಗಿ ಪರೀಕ್ಷಿಸಿ ಆರಿಸುತ್ತವೆ. ಹಿರಿಯ ಬುಷ್ 1990ರಲ್ಲಿ ನೇಮಿಸಿದ ಡೇವಿಡ್ ಸೌಟರ್ ವರ್ಷಗಳು ಕಳೆದಂತೆ ಉದಾರವಾದಿಗಳ ಜೊತೆ ನಿಂತರು. 'ಇನ್ನೊಬ್ಬ ಸೌಟರ್ ಬೇಡ' ಎನ್ನುವುದು ರಿಪಬ್ಲಿಕನ್ನರ ಘೋಷವಾಯಿತು. 1982ರಲ್ಲಿ ಕಾನೂನು ವಿದ್ಯಾರ್ಥಿಗಳ ಕೂಟವಾಗಿ ಹುಟ್ಟಿದ ಫೆಡರಲಿಸ್ಟ್ ಸೊಸೈಟಿ ಯಾರನ್ನು ನಂಬಬಹುದು ಎಂದು ಗುರುತಿಸುವ ಜಾಗವಾಗಿ ಬೆಳೆಯಿತು. 2016ರಲ್ಲಿ ಟ್ರಂಪ್ ಗೆಲ್ಲುವ ಮೊದಲೇ ತಮ್ಮ ಸಂಭಾವ್ಯರ ಪಟ್ಟಿಯನ್ನು ಪ್ರಕಟಿಸಿದರು. ಒಂದು ಕಡೆ ಇಷ್ಟು ಖಚಿತವಾಗಿ ಆರಿಸಿದರೆ ಇನ್ನೊಂದು ಕಡೆ ಅಷ್ಟೇ ಖಚಿತವಾಗಿ ಬೇಡವೆನ್ನುತ್ತದೆ. ಇದರ ಜೊತೆಗೆ ಸಂಸತ್ತು ವಲಸೆ, ಗರ್ಭಪಾತ, ಬಂದೂಕು ಯಾವುದರ ಮೇಲೂ ಸರಿಯಾದ ಕಾನೂನು ಮಾಡಲಾರದೆ ಕೂತಿದೆ. ಅಲ್ಲಿ ತೀರ್ಮಾನವಾಗದ್ದೆಲ್ಲ ಕೋರ್ಟಿನ ಮೆಟ್ಟಿಲಿಗೆ ಬರುತ್ತದೆ. 1973ರಿಂದ ಇದ್ದ ಗರ್ಭಪಾತದ ಹಕ್ಕು 2022ರ ಜೂನ್ 24ರಂದು ಹೋಯಿತು. ಅದಕ್ಕೆ ಬೇಕಾದ ಬಹುಮತ ಸಿದ್ಧವಾದದ್ದು 2016 ಮತ್ತು 2020ರ ಆ ಎರಡು ಕುರ್ಚಿಗಳ ಜಗಳದಲ್ಲಿ.

ಒಮ್ಮೊಮ್ಮೆ ವಿಚಾರಣೆ ಎನ್ನುವುದು ಕ್ರೂರವೂ ಆಗುತ್ತದೆ. ಕರಾಚಿಯಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ನೆಲೆಸಿದ ವಕೀಲ ಅದೀಲ್ ಮಂಗಿ ಅವರನ್ನು 2023ರಲ್ಲಿ ಬೈಡನ್ ಮೇಲ್ಮನವಿ ನ್ಯಾಯಾಲಯಕ್ಕೆ ಸೂಚಿಸಿದರು. ಆಗಿದ್ದರೆ ಆ ಹಂತದ ಮೊದಲ ಮುಸ್ಲಿಂ ನ್ಯಾಯಾಧೀಶರಾಗುತ್ತಿದ್ದರು. ಸಮಿತಿಯಲ್ಲಿ ಅವರಿಗೆ ಎದುರಾದದ್ದು ಸೆಪ್ಟೆಂಬರ್ 11ರ ದಾಳಿಯ ಬಗ್ಗೆ, ಹಮಾಸ್ ಬಗ್ಗೆ ಪ್ರಶ್ನೆಗಳು. ಅವರಿಗೂ ಅದಕ್ಕೂ ಏನು ಸಂಬಂಧ? ಅವರ ಹೆಸರು ಕೊನೆಗೂ ಮತಕ್ಕೆ ಬರಲಿಲ್ಲ.

ಈಗ ಕೆಳಗಿನ ಕೋರ್ಟುಗಳಿಗೆ ಬರೋಣ. ನಿಮ್ಮ ಮಗ ಸೊಸೆಗೆ ಸಂಬಂಧಪಟ್ಟದ್ದು ಇದೇ. ಸುಪ್ರೀಂ ಕೋರ್ಟ್ ವರ್ಷಕ್ಕೆ ಅರವತ್ತರ ಆಸುಪಾಸಿನ ಪ್ರಕರಣಗಳನ್ನು ಪೂರ್ತಿಯಾಗಿ ಕೇಳಿ ತೀರ್ಪು ಕೊಡುತ್ತದೆ. ಮಿಕ್ಕವರ ಪಾಲಿಗೆ ಜಿಲ್ಲಾ ಜಡ್ಜೇ ನ್ಯಾಯ. ಎಚ್-4ನವರಿಗೆ ಕೆಲಸದ ಅನುಮತಿ ಬಂದದ್ದು 2015ರಲ್ಲಿ. ಅದೇ ವರ್ಷ ಅದರ ಮೇಲೆ ದಾವೆ ಬಿತ್ತು. 2023ರ ಮಾರ್ಚ್‌ನಲ್ಲಿ ಡಿ.ಸಿ. ಜಿಲ್ಲಾ ನ್ಯಾಯಾಧೀಶೆ ತಾನ್ಯಾ ಚಟ್ಕನ್ ಅನುಮತಿಯನ್ನು ಎತ್ತಿಹಿಡಿದರು, 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲು ಒಪ್ಪಲಿಲ್ಲ. ಹತ್ತು ವರ್ಷ ನಿಮ್ಮ ಸೊಸೆಯಂಥ ಸಾವಿರಾರು ಹೆಣ್ಣುಮಕ್ಕಳು ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದು ಬದುಕಿದರು. ಇನ್ನೊಂದು ಜನ್ಮದಿಂದ ಬರುವ ಪೌರತ್ವ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ, ತಂದೆ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡಿನವರೋ ಆಗಿಲ್ಲದಿದ್ದರೆ, ಅದು ಸಿಗದಂತೆ 2025ರ ಜನವರಿ 20ರಂದು ಟ್ರಂಪ್ ಆದೇಶ ಹೊರಡಿಸಿದರು. ಮೂರೇ ದಿನದಲ್ಲಿ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫ್‌ನರ್ ಅದಕ್ಕೆ ತಡೆಯಾಜ್ಞೆ ಕೊಟ್ಟರು. ಅವರನ್ನು ನೇಮಿಸಿದ್ದು ರೇಗನ್. ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆಗಳಿಗೆ ಆ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮಿತಿ ಹಾಕಿತು. ಜುಲೈನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಜೋಸೆಫ್ ಲಪ್ಲಾಂಟ್ ಎಂಬ ನ್ಯಾಯಾಧೀಶರು ಅಂಥ ಮಕ್ಕಳೆಲ್ಲರನ್ನೂ ಒಂದು ವರ್ಗವೆಂದು ಪರಿಗಣಿಸಿ ಮತ್ತೆ ತಡೆದರು. ಅವರನ್ನು ನೇಮಿಸಿದ್ದು ಕಿರಿಯ ಬುಷ್. ಇಬ್ಬರೂ ರಿಪಬ್ಲಿಕನ್ ಅಧ್ಯಕ್ಷರ ಆಯ್ಕೆ! ಟಿವಿಯವರ ಹಣೆಪಟ್ಟಿಯನ್ನು ಪೂರ್ತಿ ನಂಬಬೇಡಿ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜಿಲ್ಲಾ ಮಟ್ಟದಲ್ಲಿ ಹಳೆಯ ಪದ್ಧತಿಯೊಂದು ಇನ್ನೂ ಉಸಿರಾಡುತ್ತಿದೆ. ಒಂದು ರಾಜ್ಯಕ್ಕೆ ಜಡ್ಜ್ ಬೇಕಾದರೆ ಆ ರಾಜ್ಯದ ಇಬ್ಬರು ಸೆನೆಟರುಗಳಿಗೆ ಸಮಿತಿ ಒಂದು ನೀಲಿ ಚೀಟಿ ಕಳಿಸುತ್ತದೆ. ನಿಜವಾಗಿಯೂ ನೀಲಿ ಕಾಗದ. ಅವರು ಸಹಿ ಮಾಡಿ ಹಿಂತಿರುಗಿಸಿದರೆ ಮಾತ್ರ ಹೆಸರು ಮುಂದೆ ಹೋಗುತ್ತದೆ. ಮೇಲ್ಮನವಿ ನ್ಯಾಯಾಲಯಗಳಿಗೆ ಈ ಪದ್ಧತಿಯನ್ನು ಟ್ರಂಪ್ ಅವರ ಮೊದಲ ಅವಧಿಯಲ್ಲಿ ರಿಪಬ್ಲಿಕನ್ನರು ಕೈಬಿಟ್ಟರು. ಜಿಲ್ಲಾ ನ್ಯಾಯಾಲಯಗಳಿಗೆ ಉಳಿದಿದೆ. 2025ರಲ್ಲಿ ಟ್ರಂಪ್ ಅದನ್ನೂ ತೆಗೆಯಿರಿ ಎಂದು ಒತ್ತಾಯಿಸಿದರೂ ಸಮಿತಿಯ ಅಧ್ಯಕ್ಷ, ಅವರದೇ ಪಕ್ಷದ ಚಕ್ ಗ್ರಾಸ್ಲಿ, ಜಗ್ಗಲಿಲ್ಲ. ಈ ಚೀಟಿಯಿಂದ ತೊಂದರೆಯೂ ಇದೆ. ಒಬ್ಬ ಸೆನೆಟರ್ ಹಟ ಹಿಡಿದರೆ ಕುರ್ಚಿ ವರ್ಷಗಟ್ಟಲೆ ಖಾಲಿ. ಆದರೂ ಎದುರು ಪಕ್ಷದವರ ಜೊತೆ ಮಾತಾಡಲೇಬೇಕು ಎಂಬ ಒತ್ತಡ ಉಳಿದಿರುವ ಕೊನೆಯ ಜಾಗ ಇದೊಂದೇ. ಅದಕ್ಕಾಗಿ ಇದು ಉಳಿಯಬೇಕೆಂಬುದು ನನ್ನ ನಿಲುವು.

ಈ ಹಗೆ ಜನಸಾಮಾನ್ಯರಿಗೆ ಎಷ್ಟು ತಟ್ಟುತ್ತದೆ ಎಂಬುದಕ್ಕೆ 2024ರಲ್ಲಿ ನಡೆದದ್ದನ್ನು ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಪೂರ್ವ ಜಿಲ್ಲಾ ನ್ಯಾಯಾಲಯಕ್ಕೆ, ಅಂದರೆ ಸ್ಯಾಕ್ರಮೆಂಟೊ, ಫ್ರೆಸ್ನೊ ಕಡೆಯದಕ್ಕೆ, 1978ರಲ್ಲಿ ಆರು ನ್ಯಾಯಾಧೀಶರ ಹುದ್ದೆ ಕೊಟ್ಟಿದ್ದರು. ಆ ಪ್ರದೇಶದ ಜನಸಂಖ್ಯೆ ಹಲವು ಪಟ್ಟು ಬೆಳೆದಿದೆ, ಹುದ್ದೆ ಈಗಲೂ ಆರು. ಕ್ರಿಮಿನಲ್ ಪ್ರಕರಣಗಳಿಗೆ ಕಾನೂನಿನಲ್ಲೇ ಗಡುವು ಇರುವುದರಿಂದ ಅವು ಮೊದಲು. ಕೆಲಸದಿಂದ ಅನ್ಯಾಯವಾಗಿ ತೆಗೆದರು ಎಂದೋ, ಕಂಪನಿ ಮೋಸ ಮಾಡಿತು ಎಂದೋ ದಾವೆ ಹೂಡಿದವರು ಸಾಲಿನ ಕೊನೆಗೆ. ಇದನ್ನು ಸರಿಪಡಿಸಲು ದೇಶದಾದ್ಯಂತ 66 ಹೊಸ ಹುದ್ದೆ ಸೃಷ್ಟಿಸುವ ಮಸೂದೆ ಬಂತು. ಬುದ್ಧಿವಂತಿಕೆಯ ಮಸೂದೆ ಅದು. ಹುದ್ದೆಗಳನ್ನು ಒಟ್ಟಿಗೆ ಕೊಡದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಂತಹಂತವಾಗಿ ಹಂಚಲಾಗಿತ್ತು. ಚುನಾವಣೆಗೆ ಮುಂಚೆ, ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲದಿದ್ದಾಗ, ಆಗಸ್ಟ್‌ನಲ್ಲಿ ಸೆನೆಟ್ ಅದನ್ನು ಅವಿರೋಧವಾಗಿ ಒಪ್ಪಿತು. ರಿಪಬ್ಲಿಕನ್ನರ ಕೈಯಲ್ಲಿದ್ದ ಕೆಳಮನೆ ಅದನ್ನು ಇಟ್ಟುಕೊಂಡು ಕೂತಿತು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದರು. ಡಿಸೆಂಬರ್‌ನಲ್ಲಿ ಕೆಳಮನೆ ಪಾಸು ಮಾಡಿತು. ಡಿಸೆಂಬರ್ 23ರಂದು ಬೈಡನ್ ವೀಟೋ ಹಾಕಿದರು. ಕೆಳಮನೆ ಕಾದದ್ದು ತಪ್ಪು, ಬೈಡನ್ ವೀಟೋ ಹಾಕಿದ್ದೂ ತಪ್ಪು ಎಂದೇ ನಾನು ಹೇಳುತ್ತೇನೆ. ಫ್ರೆಸ್ನೊದ ಕಕ್ಷಿದಾರನಿಗೆ ಜಡ್ಜ್ ಬೇಕಿತ್ತು, ಅವರನ್ನು ಯಾವ ಅಧ್ಯಕ್ಷರು ನೇಮಿಸಿದರೂ ಅವನ ದಾವೆ ಮುಂದೆ ಹೋಗುತ್ತಿತ್ತು.

ನಮ್ಮಲ್ಲಿ ಇದಕ್ಕಿಂತ ವಾಸಿಯೇ ಎಂದು ಕೇಳಬಹುದು ನೀವು. ನಮ್ಮ ರೋಗ ಬೇರೆ. 1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂಬ 7-6ರ ತೀರ್ಪು ಬಂತು. ಅದರ ಬೆನ್ನಿಗೇ ಸರ್ಕಾರ ಹಿರಿತನದಲ್ಲಿ ಮುಂದಿದ್ದ ಮೂವರನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಆ ಗಾಯದ ನೆನಪಿನಲ್ಲೇ ಮುಂದೆ 1993ರ ತೀರ್ಪಿನಿಂದ ಕೊಲಿಜಿಯಂ ಬಂತು, ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸತೊಡಗಿದರು. ಅದನ್ನು ಬದಲಿಸಲು ಸಂಸತ್ತು ತಂದ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಲ್ಲಿ ಎಲ್ಲವೂ ಟಿವಿಯ ಮುಂದೆ ಕಿರುಚಾಟ, ಇಲ್ಲಿ ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ. ಕೊಲಿಜಿಯಂ ಕಳಿಸಿದ ಹೆಸರಿನ ಮೇಲೆ ಸರ್ಕಾರ ಕೂತುಬಿಟ್ಟರೆ ಗಾರ್ಲಂಡ್ ಅವರಿಗೆ ಆದದ್ದೇ ನಮ್ಮವರಿಗೂ ಆಗುತ್ತದೆ, ಸುದ್ದಿಯಾಗುವುದು ಕಡಿಮೆ.

ಪರಿಹಾರವಿದೆಯೇ? ಹೆಚ್ಚು ಚರ್ಚೆಯಲ್ಲಿರುವುದು 18 ವರ್ಷದ ನಿಶ್ಚಿತ ಅವಧಿ. ಒಂಬತ್ತು ಕುರ್ಚಿ, ಎರಡು ವರ್ಷಕ್ಕೊಂದು ನೇಮಕ, ಪ್ರತಿ ಅಧ್ಯಕ್ಷರಿಗೆ ಅವಧಿಗೆ ಎರಡು. ಯಾರ ಸಾವನ್ನೂ ಯಾರೂ ಎಣಿಸಿಕೊಂಡು ಕೂರಬೇಕಿಲ್ಲ. 2024ರ ಜುಲೈನಲ್ಲಿ ಬೈಡನ್ ಇದನ್ನು ಬೆಂಬಲಿಸಿದರು, ಆದರೆ ಇದಕ್ಕೆ ಸಂವಿಧಾನದ ತಿದ್ದುಪಡಿಯೇ ಬೇಕು ಎನ್ನುವುದು ಬಹಳ ವಿದ್ವಾಂಸರ ಮತ, ಅಲ್ಲಿ ತಿದ್ದುಪಡಿ ಎಂದರೆ ಹಿಮಾಲಯ ಹತ್ತಿದಂತೆ. ಜರ್ಮನಿಯಲ್ಲಿ ಸಂವಿಧಾನ ನ್ಯಾಯಾಲಯದ 16 ನ್ಯಾಯಾಧೀಶರಿಗೆ 12 ವರ್ಷದ ಒಂದೇ ಅವಧಿ, ಆಯ್ಕೆಗೆ ಮೂರನೇ ಎರಡು ಬಹುಮತ. ದಶಕಗಳ ಕಾಲ ಪಕ್ಷಗಳು ಕೂತು ಮಾತಾಡಿ ಹೆಸರು ಹಂಚಿಕೊಂಡವು. 2025ರ ಜುಲೈನಲ್ಲಿ ಅಲ್ಲಿಯೂ ಒಬ್ಬ ಮಹಿಳಾ ಪ್ರಾಧ್ಯಾಪಕಿಯ ಆಯ್ಕೆ ಕೊನೆಗಳಿಗೆಯಲ್ಲಿ ಮುರಿದುಬಿತ್ತು, ಆಗಸ್ಟ್‌ನಲ್ಲಿ ಅವರು ಹಿಂದೆ ಸರಿದರು. ಆದ್ದರಿಂದ ಹೊಸ್ತಿಲು ಎತ್ತರಿಸಿದ ಮಾತ್ರಕ್ಕೆ ಗೆದ್ದಂತಲ್ಲ. ನಾನು ಮೊದಲು ಕೇಳುವುದು ಇದಕ್ಕಿಂತ ಚಿಕ್ಕದು. ಹೆಸರು ಬಂದ ಮೇಲೆ ಇಂತಿಷ್ಟು ದಿನದೊಳಗೆ ವಿಚಾರಣೆ ಮತ್ತು ಮತದಾನ ಆಗಲೇಬೇಕೆಂಬ ನಿಯಮ. ಇದಕ್ಕೆ ತಿದ್ದುಪಡಿ ಬೇಡ, ಸೆನೆಟ್ಟಿನ ನಿಯಮ ಸಾಕು. ಬೇಡ ಎನ್ನುವವರು ಬೇಡ ಎನ್ನಲಿ, ಎದ್ದು ನಿಂತು ಹೆಸರು ಹೇಳಿ ಎನ್ನಲಿ.

ಮುಂದಿನ ಸಲ ನೀವು ಅಲ್ಲಿರುವಾಗ ಸುಪ್ರೀಂ ಕೋರ್ಟಿನ ಕುರ್ಚಿ ಖಾಲಿಯಾದ ಸುದ್ದಿ ಬಂದರೆ, ಸೂಚಿಸಿದವರು ಯಾರು ಎಂದು ನೋಡುವ ಮೊದಲು ಸೆನೆಟ್ ಯಾರ ಕೈಯಲ್ಲಿದೆ ಎಂದು ಮಗನನ್ನು ಕೇಳಿ. ಅಧ್ಯಕ್ಷರ ಪಕ್ಷದ್ದೇ ಆಗಿದ್ದರೆ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ, ಎಷ್ಟೇ ಕಿರುಚಾಟ ಕೇಳಿಸಲಿ. ಎದುರು ಪಕ್ಷದ್ದಾಗಿದ್ದರೆ ಆ ಕುರ್ಚಿ ಮುಂದಿನ ಚುನಾವಣೆಯವರೆಗೂ ಹಾಗೇ ಇರಬಹುದು. ಅಂಥ ಸೆನೆಟ್ ಕೊನೆಯ ಬಾರಿಗೆ ಸುಪ್ರೀಂ ಕೋರ್ಟಿಗೆ ಒಬ್ಬರನ್ನು ಒಪ್ಪಿ ಕಳಿಸಿದ್ದು 1991ರಲ್ಲಿ, ಕ್ಲಾರೆನ್ಸ್ ಥಾಮಸ್ ಅವರನ್ನು.